ಇಮೇಲ್ ಐಡಿ ನಿಮ್ಮದು, ನಂಬರ್ ಯಾರದ್ದು?

ಕಂಪ್ಯೂಟರ್ ಕಲಿಸುವ ಪುಸ್ತಕಗಳೆಲ್ಲ ಹೆಚ್ಚುಕಮ್ಮಿ ಒಂದೇ ಜಾಗದಿಂದ ಶುರುವಾಗುತ್ತವೆ. ಇಂಟರ್ನೆಟ್ ಅಂದರೆ ಜಗತ್ತಿನ ಕಂಪ್ಯೂಟರುಗಳನ್ನು ಜೋಡಿಸುವ ಜಾಲ. ಆಮೇಲೆ ಮೋಡೆಮ್, ಆಮೇಲೆ ಬ್ರೌಸರ್, ಆಮೇಲೆ ವೆಬ್‌ಸೈಟ್. ಇಮೇಲ್ ಬರುವ ಹೊತ್ತಿಗೆ ಅರ್ಧ ಪುಸ್ತಕ ಮುಗಿದಿರುತ್ತದೆ. ಪಾಸ್‌ವರ್ಡ್ ಬಗ್ಗೆ ಕೊನೆಯಲ್ಲಿ ನಾಲ್ಕು ಸಾಲು. ಯಾರಿಗೂ ಹೇಳಬೇಡಿ, ಹುಟ್ಟಿದ ತಾರೀಕು ಇಡಬೇಡಿ. ಅಲ್ಲಿಗೆ ಪಾಠ ಮುಗಿಯಿತು.

ಈ ಕ್ರಮ ಪೂರ್ತಿ ತಿರುಗುಮುರುಗು ಅಂತ ನನ್ನ ಅಭಿಪ್ರಾಯ. ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಹಿರಿಯರಿಗೆ, ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘಗಳ ಅಕ್ಕಂದಿರಿಗೆ ಬಿಡುವಿದ್ದ ಭಾನುವಾರ ವಾಚನಾಲಯದಲ್ಲಿ ಕೂತು ಇವನ್ನೆಲ್ಲ ಹೇಳಿಕೊಡುತ್ತೇನೆ. ನಾನು ಶಾಲೆಯ ಮಾಷ್ಟ್ರಲ್ಲ. ಆದರೂ ಅವರು ಹಾಗೇ ಕರೆಯುತ್ತಾರೆ. ಮೊದಲ ದಿನವೇ ಹೇಳಬೇಕಾದ್ದು ಅಕೌಂಟ್ ಬಗ್ಗೆ. ಅದು ಯಾರ ಹೆಸರಲ್ಲಿದೆ, ಯಾರ ಕೈಯಲ್ಲಿದೆ ಅನ್ನುವುದರ ಬಗ್ಗೆ. ಜಾಲ, ಮೋಡೆಮ್ ಎಲ್ಲ ನಿಧಾನಕ್ಕೆ ಬಂದರೂ ನಡೆಯುತ್ತದೆ.

ಯಾಕೆಂದರೆ ಇವರಿಗೆ ಪದಗಳು ಹೊಸದಲ್ಲ. ಓಟಿಪಿ, ಲಿಂಕ್, ಲಾಗಿನ್, ಅಪ್‌ಲೋಡ್, ಪಿಡಿಎಫ್ ಎಲ್ಲವೂ ಬಾಯಲ್ಲಿ ಸಲೀಸಾಗಿ ಬರುತ್ತವೆ. ಎಪ್ಪತ್ತು ದಾಟಿದ ಭಟ್ರೂ 'ಸರ್ವರ್ ಡೌನ್ ಅಂತೆ' ಅನ್ನುತ್ತಾರೆ. ಪಿಂಚಣಿಗೆ ಮಸ್ಟರಿಂಗ್, ಅಂದರೆ ಬದುಕಿದ್ದೇವೆ ಎಂದು ದಾಖಲು, ಮಾಡಿಸಲು ಹೋದಾಗ ಕೇಳಿ ಬಂದ ಮಾತು ಅದು. ಪದ ಗೊತ್ತಿದೆ, ಅದರ ಹಿಂದೆ ಏನು ನಡೆಯುತ್ತಿದೆ ಎಂದು ಯಾರೂ ಹೇಳಿಲ್ಲ. ಹಾಗಾಗಿ ಮಾತುಕತೆ ಹೀಗೆ ಸಾಗುತ್ತದೆ.

"ಅಕ್ಕ, ನಿಮಗೆ ಇಮೇಲ್ ಐಡಿ ಉಂಟಾ?"

"ಉಂಟಲ್ಲ. ಅಂಗಡಿಯವ ಮಾಡಿ ಕೊಟ್ಟಿದ್ದಾನೆ."

"ಪಾಸ್‌ವರ್ಡ್?"

"ಅದು ಅವನ ಪುಸ್ತಕದಲ್ಲಿ ಉಂಟು ಮಾಷ್ಟ್ರೇ. ಬೇಕಾದರೆ ಫೋನ್ ಮಾಡಿ ಕೇಳ್ಬೇಕಾ?"

ಅಂಗಡಿಯವನನ್ನು ಬೈದು ಪ್ರಯೋಜನ ಇಲ್ಲ. ಕೇರಳದಲ್ಲಿ ಅಕ್ಷಯ ಕೇಂದ್ರಗಳು 2002ರಲ್ಲಿ ಮಲಪ್ಪುರದಲ್ಲಿ ಶುರುವಾದದ್ದು. ಮನೆಗೊಬ್ಬರಿಗಾದರೂ ಕಂಪ್ಯೂಟರ್ ಕಲಿಸಬೇಕು ಅನ್ನುವುದು ಮೊದಲಿನ ಉದ್ದೇಶ. ಈಗ ಅವು ಅರ್ಜಿ ಹಾಕಿಸುವ ಕೇಂದ್ರಗಳಾಗಿವೆ. ಅದರ ಪಕ್ಕದಲ್ಲೇ ಖಾಸಗಿ ಅಂಗಡಿಗಳೂ ಇವೆ. ರೇಷನ್ ಕಾರ್ಡ್, ಮಕ್ಕಳ ಸ್ಕಾಲರ್‌ಶಿಪ್, ಸರ್ಕಾರಿ ಕೆಲಸಕ್ಕೆ ಹಾಕುವ ಪಿಎಸ್‌ಸಿ ಅರ್ಜಿ, ಜಾಗದ ತೆರಿಗೆ ಎಲ್ಲದಕ್ಕೂ ಜನ ಸಾಲು ನಿಂತಿರುತ್ತಾರೆ. ಅರ್ಜಿಯಲ್ಲಿ ಇಮೇಲ್ ಕೇಳುತ್ತದೆ. ಬಂದವರಿಗೆ ಇಮೇಲ್ ಇಲ್ಲ. ಹಿಂದೆ ಇನ್ನೂ ಹತ್ತು ಜನ ಕಾಯುತ್ತಿದ್ದಾರೆ. ಅವನೇ ಒಂದು ಐಡಿ ಮಾಡುತ್ತಾನೆ. ನಿಮ್ಮ ಫೋನ್ ಮನೆಯಲ್ಲಿದ್ದರೆ ತನ್ನದೇ ನಂಬರ್ ಹಾಕುತ್ತಾನೆ. ಕೆಲಸ ಆಗುತ್ತದೆ. ಮುಂದಿನ ವರ್ಷ ಇನ್ನೊಂದು ಅಂಗಡಿ, ಇನ್ನೊಂದು ಅರ್ಜಿ, ಇನ್ನೊಂದು ಐಡಿ. ಹೀಗೆ ಒಬ್ಬೊಬ್ಬರ ಹೆಸರಲ್ಲಿ ಮೂರು ನಾಲ್ಕು ಅಕೌಂಟ್ ಇರುತ್ತವೆ. ಒಂದರ ಬೀಗದ ಕೈಯೂ ಅವರ ಹತ್ತಿರ ಇರುವುದಿಲ್ಲ.

ಇಲ್ಲಿ ನಾಲ್ಕು ಸಂಗತಿಗಳನ್ನು ಬಿಡಿಸಿ ನೋಡಬೇಕು. ಇಮೇಲ್ ಐಡಿ ವಿಳಾಸ. ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. ಕೊಡಲಿಕ್ಕೆಂದೇ ಇರುವುದು ಅದು. ಪಾಸ್‌ವರ್ಡ್ ನಿಮಗೆ ಮಾತ್ರ. ಓಟಿಪಿ ಅಂದರೆ ಒಂದೇ ಸಲಕ್ಕೆ, ಕೆಲವೇ ನಿಮಿಷಕ್ಕೆ ನಡೆಯುವ ಪಾಸ್‌ವರ್ಡ್. ಈಗ ಈ ಕೆಲಸ ಮಾಡುತ್ತಿರುವವರ ಕೈಯಲ್ಲೇ ಈ ನಂಬರಿನ ಫೋನ್ ಇದೆಯಾ ಎಂದು ನೋಡಲು ಅದನ್ನು ಕಳಿಸುತ್ತಾರೆ. ನಾಲ್ಕನೆಯದು ರಿಕವರಿ ನಂಬರ್. ಪಾಸ್‌ವರ್ಡ್ ಮರೆತರೆ ಅಕೌಂಟನ್ನು ವಾಪಸ್ ಪಡೆಯಲು ಕೊಟ್ಟಿರುವ ಫೋನ್ ನಂಬರ್ ಅದು.

ಎಲ್ಲರೂ ಪಾಸ್‌ವರ್ಡ್ ಬಗ್ಗೆ ತಲೆಕೆಡಿಸಿಕೊಳ್ಳುತ್ತಾರೆ. ನನಗೆ ಕಂಡ ಮಟ್ಟಿಗೆ ನಿಜವಾದ ಯಜಮಾನ ಈ ನಾಲ್ಕನೆಯವನು. ಪಾಸ್‌ವರ್ಡನ್ನು ನಾಳೆ ಬದಲಾಯಿಸಬಹುದು. ರಿಕವರಿ ನಂಬರ್ ಇನ್ನೊಬ್ಬರದಾದರೆ ಅವರು ಅದನ್ನು ನಾಡಿದ್ದು ಪುನಃ ಬದಲಾಯಿಸಬಹುದು. ಅಡಿಕೆ ತೋಟಕ್ಕೆ ನೀರು ಬಿಡುವುದು ನೀವು, ಗೊಬ್ಬರ ಹಾಕುವುದು ನೀವು, ಜಾಗದ ಹಕ್ಕುಪತ್ರವಾದ ಪಟ್ಟೆ ಮಾತ್ರ ಬೇರೆಯವರ ಹೆಸರಲ್ಲಿ. ಹಾಗಾಯಿತು ಅದು. ಇಷ್ಟು ಹೇಳಿದರೆ ನಮ್ಮ ಊರಿನವರಿಗೆ ಮತ್ತೆ ವಿವರಿಸಬೇಕಾಗಿಲ್ಲ. ಪಟ್ಟೆಯ ವಿಷಯದಲ್ಲಿ ಯಾರೂ ದಡ್ಡರಲ್ಲ.

ನಂಬರ್ ನಿಮ್ಮದೇ ಇದ್ದರೂ ಒಂದು ಎಚ್ಚರಿಕೆ ಬೇಕು. ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ರದ್ದಾಗುತ್ತದೆ. ರದ್ದಾದ ಮೇಲೆ 90 ದಿನ ಅದನ್ನು ಯಾರಿಗೂ ಕೊಡುವಂತಿಲ್ಲ. ಅದಾದ ನಂತರ ಕಂಪನಿ ಅದೇ ನಂಬರನ್ನು ಹೊಸ ಗಿರಾಕಿಗೆ ಕೊಡಬಹುದು. ಅಂದರೆ ನಿಮ್ಮ ಇಮೇಲಿನ ಓಟಿಪಿ ಪಾಲಕ್ಕಾಡಿನಲ್ಲಿರುವ ಗುರುತಿಲ್ಲದವರ ಫೋನಿಗೆ ಹೋಗಬಹುದು. ನಮ್ಮ ಜಿಲ್ಲೆಯಲ್ಲಿ ಇದು ಜಾಸ್ತಿ ಕಾಡುವುದು ಗಲ್ಫ್‌ನಿಂದ ವಾಪಸ್ ಬಂದವರಿಗೆ. ದುಬೈಯಲ್ಲಿದ್ದಾಗ ಮಾಡಿದ ಇಮೇಲ್, ಅಲ್ಲಿನ ನಂಬರ್. ಊರಿಗೆ ಬಂದು ಫೋನ್ ಬದಲಾಯಿಸಿದ ದಿನ 'ನಿಮ್ಮ ನಂಬರಿಗೆ ಕೋಡ್ ಕಳಿಸಿದ್ದೇವೆ' ಎಂದು ತೋರಿಸುತ್ತದೆ. ಆ ನಂಬರ್ ಈಗ ಯಾರದ್ದೋ. ಹೊಸ ಸಿಮ್ ತೆಗೆದುಕೊಂಡ ದಿನವೇ, ಹಳೆಯದು ಇನ್ನೂ ಜೀವಂತ ಇರುವಾಗಲೇ, ಅಕೌಂಟಿನ ಸೆಟ್ಟಿಂಗ್ಸ್‌ಗೆ ಹೋಗಿ ನಂಬರ್ ಬದಲಾಯಿಸಿಬಿಡಬೇಕು. ಐದು ನಿಮಿಷದ ಕೆಲಸ.

ಇನ್ನೊಂದು ಉಂಟು. ಎರಡು ವರ್ಷ ಒಮ್ಮೆಯೂ ತೆರೆಯದ ಅಕೌಂಟನ್ನು ಗೂಗಲ್ ಅಳಿಸಿಹಾಕಬಹುದು. ಈ ನಿಯಮ 2023ರ ಡಿಸೆಂಬರಿನಿಂದ ಜಾರಿಗೆ ಬಂದಿದೆ. ಅಂಗಡಿಯಲ್ಲಿ ಮಾಡಿಸಿ ಮರೆತುಬಿಟ್ಟ ಐಡಿಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಪಿಎಸ್‌ಸಿ ಅರ್ಜಿಗೆ ಕೊಟ್ಟ ಐಡಿ ಅದೇ ಆಗಿದ್ದರೆ? ಸುಮ್ನೆ ತಿಂಗಳಿಗೊಮ್ಮೆ ತೆರೆದು ನೋಡಿದರೆ ಸಾಕು.

ಓಟಿಪಿ ವಿಷಯದಲ್ಲಿ ನನಗೆ ಸರ್ಕಾರದ ಜಾಹೀರಾತುಗಳ ಮೇಲೆ ಒಂದು ಸಣ್ಣ ತಕರಾರಿದೆ. 'ಓಟಿಪಿ ಯಾರಿಗೂ ಹೇಳಬೇಡಿ' ಅನ್ನುತ್ತಾರೆ. ಆದರೆ ಆಧಾರ್‌ನ ಎಷ್ಟೋ ಕೆಲಸಗಳಿಗೆ ಹೋದಾಗ ಕೌಂಟರಿನಲ್ಲಿ ಮೊದಲು ಕೇಳುವುದೇ "ಓಟಿಪಿ ಬಂತಾ, ಹೇಳಿ". ಹೇಳದಿದ್ದರೆ ಕೆಲಸ ಆಗುವುದಿಲ್ಲ. ಹೀಗೆ ದಿನವೂ ಮುರಿಯಬೇಕಾದ ನಿಯಮಕ್ಕೆ ಜನ ಬೆಲೆ ಕೊಡುತ್ತಾರಾ? ಹಾಗಾಗಿ ನಾನು ಬೇರೆ ರೀತಿ ಹೇಳುತ್ತೇನೆ. ನೀವಾಗಿ ಅವರ ಹತ್ತಿರ ಹೋದಿರೋ, ಅವರಾಗಿ ನಿಮಗೆ ಫೋನ್ ಮಾಡಿದರೋ? ಅವರಾಗಿ ಮಾಡಿದ್ದರೆ ಯಾರೇ ಆಗಲಿ, ಬ್ಯಾಂಕಿನವರೇ ಆಗಲಿ, ಪೊಲೀಸರೇ ಆಗಲಿ, ಹೇಳಲೇಬಾರದು. ನೀವಾಗಿ ಹೋಗಿದ್ದರೆ ಮೊದಲು ಮೆಸೇಜ್ ಪೂರ್ತಿ ಓದಿ. ಯಾವ ಕೆಲಸಕ್ಕೆ ಬಂದ ಓಟಿಪಿ ಎಂದು ಸಾಮಾನ್ಯವಾಗಿ ಅದರಲ್ಲೇ ಬರೆದಿರುತ್ತದೆ. ಹಣದ ಮೊತ್ತ ಇದ್ದರೆ ಅದೂ ಇರುತ್ತದೆ. ಇಂಗ್ಲಿಷ್ ಬಾರದಿದ್ದರೆ ಮೊಮ್ಮಗಳ ಹತ್ತಿರ ಓದಿಸಿ. ಅಷ್ಟು ಹೊತ್ತು ಅಂಗಡಿಯವನು ಕಾಯಲಿ.

ಇಷ್ಟಾದ ಮೇಲೆ ಇಮೇಲ್ ಒಳಗೆ ಹೋಗಬಹುದು.

ಇಮೇಲ್ ಇವತ್ತಿನ ಇಂಟರ್ನೆಟ್‌ಗಿಂತ ಹಳೆಯದು ಅಂದರೆ ಯಾರೂ ನಂಬುವುದಿಲ್ಲ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸುವ ಪ್ರೋಗ್ರಾಂ ಬರೆದರು. ಆಗ ಇದ್ದದ್ದು ಅರ್ಪಾನೆಟ್ ಎಂಬ ಸಣ್ಣ ಜಾಲ. ಎರಡೂ ಕಂಪ್ಯೂಟರುಗಳು ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಇದ್ದವು. ಮೊದಲ ಪತ್ರದಲ್ಲಿ ಏನು ಬರೆದಿದ್ದೆ ಎಂದು ಅವರಿಗೇ ಮುಂದೆ ನೆನಪಿರಲಿಲ್ಲವಂತೆ. ವಿಳಾಸದಲ್ಲಿ ಪತ್ರ ಪಡೆಯುವವರ ಹೆಸರು ಮತ್ತು ಅವರ ಕಂಪ್ಯೂಟರಿನ ಹೆಸರಿನ ನಡುವೆ ಒಂದು ಗುರುತು ಬೇಕಿತ್ತು. ಯಾರ ಹೆಸರಿನಲ್ಲೂ ಬಾರದ ಗುರುತು. ಕೀಬೋರ್ಡಿನಲ್ಲಿ @ ಇತ್ತು, ಅದನ್ನೇ ಹಾಕಿದರು. ಇವತ್ತಿನ ಇಂಟರ್ನೆಟ್ ನಡೆಯುವ ನಿಯಮಗಳು ಆ ಜಾಲಕ್ಕೆ ಬಂದದ್ದು 1983ರ ಜನವರಿ 1ಕ್ಕೆ. ಟಿಮ್ ಬರ್ನರ್ಸ್ ಲೀ ಎಂಬ ವಿಜ್ಞಾನಿ ವೆಬ್‌ನ, ಅಂದರೆ ಇಂಟರ್ನೆಟ್ ಮೇಲೆ ನಡೆಯುವ ವೆಬ್‌ಸೈಟುಗಳ, ಯೋಚನೆ ಮುಂದಿಟ್ಟದ್ದು 1989ರಲ್ಲಿ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಕಾಸರಗೋಡಿನವರು ಅದನ್ನು ಕಣ್ಣಾರೆ ನೋಡಲು ಮತ್ತೂ ಕೆಲವು ವರ್ಷ ಬೇಕಾದವು. ಗಲ್ಫ್‌ನಲ್ಲಿರುವ ಗಂಡನ ಜೊತೆ ಚಾಟ್ ಮಾಡಲು ಪೇಟೆಯ ಕೆಫೆಗೆ ಮಗುವನ್ನು ಎತ್ತಿಕೊಂಡು ಬರುತ್ತಿದ್ದ ಹೆಂಗಸರು ನನಗೆ ನೆನಪಿದ್ದಾರೆ.

@ ಎಡಕ್ಕೆ ಇರುವುದು ನಿಮ್ಮ ಹೆಸರು, ಬಲಕ್ಕೆ ಇರುವುದು ನಿಮ್ಮ ಪತ್ರಗಳನ್ನು ಇಟ್ಟುಕೊಳ್ಳುವ ಕಂಪನಿಯ ಹೆಸರು. ಜಿಮೇಲ್, ಯಾಹೂ, ಏನಾದರೂ ಇರಬಹುದು. ಐಡಿಯ ಮುಂದೆ ಮೂರು ಡಬ್ಲ್ಯೂ ಸೇರಿಸಿ ಹೇಳುವವರು ಈಗಲೂ ಇದ್ದಾರೆ. ಅದು ವೆಬ್‌ಸೈಟಿನ ಸಂಗತಿ, ಇಲ್ಲಿ ಬೇಡ. ದೊಡ್ಡಕ್ಷರ, ಸಣ್ಣಕ್ಷರ ವ್ಯತ್ಯಾಸ ಇಲ್ಲ. ಜಿಮೇಲ್ ಐಡಿಯ ಹೆಸರಿನ ನಡುವೆ ಚುಕ್ಕಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಈ ಚುಕ್ಕಿಯ ಚಿಂತೆಯಲ್ಲಿ ನಿದ್ದೆ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಇನ್‌ಬಾಕ್ಸ್, ಸೆಂಟ್, ಡ್ರಾಫ್ಟ್ ಅರ್ಥವಾಗಲು ಕಷ್ಟ ಇಲ್ಲ. ಬಂದದ್ದು, ಹೋದದ್ದು, ಬರೆದು ಕಳಿಸದೆ ಬಿಟ್ಟದ್ದು. ಸ್ಪಾಮ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಕೇಳದೆ ಬರುವ ಜಾಹೀರಾತು ಪತ್ರಗಳಿಗೆ ಆ ಹೆಸರು. ಇದು ಹೊಸ ಪಿಡುಗಲ್ಲ. 1978ರ ಮೇ ತಿಂಗಳಲ್ಲಿ ಗ್ಯಾರಿ ಥರ್ಕ್ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟಗಾರ ಸುಮಾರು 400 ಜನರಿಗೆ ಒಂದೇ ಜಾಹೀರಾತನ್ನು ಕಳಿಸಿದ. ಬೈಗುಳ ತಿಂದ, ಕಂಪ್ಯೂಟರುಗಳೂ ಮಾರಾಟವಾದವು. ಅಲ್ಲಿಂದ ಶುರು. ಈಗ ಇಮೇಲ್ ಕಂಪನಿಗಳೇ ಅಂಥ ಪತ್ರಗಳನ್ನು ಗುರುತಿಸಿ ಬೇರೆ ಫೋಲ್ಡರಿಗೆ ಹಾಕುತ್ತವೆ. ಅದನ್ನು ಮಾಡುವುದು ಯಂತ್ರ. ಯಂತ್ರಕ್ಕೆ ಕೆಲವೊಮ್ಮೆ ತಪ್ಪುತ್ತದೆ. ಇಂಟರ್‌ವ್ಯೂ ಪತ್ರವೋ ಸರ್ಕಾರಿ ಕಚೇರಿಯ ಉತ್ತರವೋ ಸ್ಪಾಮ್‌ನಲ್ಲಿ ಬಿದ್ದಿರುತ್ತದೆ. ಜಿಮೇಲ್‌ನಲ್ಲಿ ಅದು 30 ದಿನದ ಮೇಲೆ ತಾನಾಗಿ ಅಳಿಸಿಹೋಗುತ್ತದೆ. ಏನಾದರೂ ಕಾಯುತ್ತಿದ್ದರೆ ಅಲ್ಲಿಯೂ ಒಮ್ಮೆ ಇಣುಕಬೇಕು.

'ನನಗೆ ಇಮೇಲೇ ಬರುತ್ತಿಲ್ಲ' ಎಂಬ ದೂರಿಗೆ ಇನ್ನೊಂದು ಕಾರಣ ಇರುತ್ತದೆ. ಅದು ಗೊತ್ತಾದಾಗ ಎಲ್ಲರೂ ಬೆಚ್ಚಿಬೀಳುತ್ತಾರೆ. ಗೂಗಲ್ ಒಂದು ಅಕೌಂಟಿಗೆ ಪುಕ್ಕಟೆಯಾಗಿ ಕೊಡುವ ಜಾಗ 15 ಜಿಬಿ. ಆ ಜಾಗ ಇಮೇಲಿಗೆ ಮಾತ್ರ ಅಲ್ಲ. ಫೈಲುಗಳನ್ನಿಡುವ ಡ್ರೈವ್, ಚಿತ್ರಗಳನ್ನಿಡುವ ಫೋಟೋಸ್ ಎಲ್ಲ ಅದರಲ್ಲೇ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಈಗ ಅದರಲ್ಲೇ ಲೆಕ್ಕ. ಬೆಳಿಗ್ಗೆ ಎದ್ದರೆ ಶುಭೋದಯದ ಹೂವು, ಮದುವೆಯ ವಿಡಿಯೋ, ರಾತ್ರಿಯಿಡೀ ನಡೆದ ಯಕ್ಷಗಾನದ ತುಣುಕುಗಳು. ಎಲ್ಲವೂ ಸದ್ದಿಲ್ಲದೆ ಅಲ್ಲಿಗೆ ಹೋಗಿ ಕೂರುತ್ತವೆ. ಕ್ಲೌಡ್ ಅನ್ನುವುದು ಇದನ್ನೇ. ಮೇಲೆ ಆಕಾಶದಲ್ಲಿ ಏನೂ ಇಲ್ಲ. ಯಾವುದೋ ಊರಿನ ದೊಡ್ಡ ಕಟ್ಟಡದಲ್ಲಿ, ಕಂಪನಿಯ ಕಂಪ್ಯೂಟರಿನಲ್ಲಿ ನಿಮ್ಮ ಫೈಲಿನ ಪ್ರತಿ ಇರುತ್ತದೆ. 15 ಜಿಬಿ ತುಂಬಿದರೆ ಹೊಸ ಪತ್ರ ಒಳಗೆ ಬರುವುದಿಲ್ಲ. ಕಳಿಸಿದವರಿಗೆ ವಾಪಸ್ ಹೋಗುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟಿಗೆ ಜಾಗ ಇಲ್ಲದಂತೆ ಮಾಡಿದ್ದು ಭಾವನ ಮಗನ ಮದುವೆಯ ವಿಡಿಯೋ ಎಂದರೆ ನಗು ಬರುತ್ತದೆ, ಆದರೆ ನಡೆಯುವುದು ಹಾಗೇ. ಅಳಿಸಿದರೂ ತಕ್ಷಣ ಜಾಗ ಖಾಲಿಯಾಗುವುದಿಲ್ಲ. ಅಳಿಸಿದ್ದು ಮೊದಲು ಟ್ರ್ಯಾಶ್‌ಗೆ ಹೋಗುತ್ತದೆ. ಅದನ್ನೂ ಖಾಲಿ ಮಾಡಬೇಕು.

ಪತ್ರ ಬರೆಯುವಾಗ ಮೇಲೆ ಮೂರು ಸಾಲು ಕಾಣುತ್ತದೆ. ಟು, ಸಿಸಿ, ಬಿಸಿಸಿ. ಇದನ್ನು ಹಳಬರಿಗೆ ಹೇಳುವುದು ಸುಲಭ, ಹೊಸಬರಿಗೆ ಕಷ್ಟ. ಸಿಸಿ ಅಂದರೆ ಕಾರ್ಬನ್ ಕಾಪಿ. ಟೈಪಿಂಗ್ ಕ್ಲಾಸಿಗೆ ಹೋದವರಿಗೆ, ಜಾಗದ ಆಧಾರ, ಅಂದರೆ ದಸ್ತಾವೇಜು, ಬರೆಯುವವರ ಕಚೇರಿಯಲ್ಲಿ ಕೂತವರಿಗೆ ಆ ನೀಲಿ ಕಾಗದ ಗೊತ್ತು. ಪತ್ರ ಒಬ್ಬರಿಗೆ, ಪ್ರತಿ ಇನ್ನೊಬ್ಬರ ತಿಳಿವಳಿಕೆಗೆ. ಪ್ರತಿ ಯಾರಿಗೆ ಹೋಗಿದೆ ಎಂದು ಎಲ್ಲರಿಗೂ ಕಾಣುತ್ತದೆ. ಬಿಸಿಸಿಯಲ್ಲಿ ಹಾಕಿದವರ ಹೆಸರು ಬೇರೆಯವರಿಗೆ ಕಾಣುವುದಿಲ್ಲ. ಊರಿನ ಜಾತ್ರೆಯ ಆಮಂತ್ರಣವನ್ನು ಇನ್ನೂರು ಜನರಿಗೆ ಕಳಿಸುವಾಗ ಎಲ್ಲರ ಐಡಿಯನ್ನೂ ಟು ಸಾಲಿನಲ್ಲಿ ತುಂಬುವ ಸಮಿತಿಗಳಿವೆ. ಒಬ್ಬರ ವಿಳಾಸ ಇನ್ನೂರು ಜನರಿಗೆ ಸಿಗುತ್ತದೆ. ಅಂಥ ಕಡೆ ಬಿಸಿಸಿ ಬೇಕು. ಮತ್ತೆ ಅಂಥ ಪತ್ರಕ್ಕೆ ಯಾರಾದರೂ ರಿಪ್ಲೈ ಆಲ್ ಒತ್ತಿ 'ಶುಭವಾಗಲಿ' ಎಂದರೆ ಆ ಶುಭ ಇನ್ನೂರು ಮನೆಗೂ ತಲುಪುತ್ತದೆ. ಬರೀ ರಿಪ್ಲೈ ಒತ್ತಿದರೆ ಕಳಿಸಿದವರಿಗೆ ಮಾತ್ರ.

ಪತ್ರದ ವಿಷಯ ಬರೆಯುವ ಸಬ್ಜೆಕ್ಟ್ ಸಾಲನ್ನು ಖಾಲಿ ಬಿಡಬೇಡಿ ಎಂದು ಎಷ್ಟು ಸಲ ಹೇಳಿದರೂ ಸಾಲದು. ಫೋಟೋ ಲಗತ್ತಿಸಿ, ಏನೂ ಬರೆಯದೆ, ಹಾಗೇ ಕಳಿಸುತ್ತಾರೆ. ವಾಟ್ಸಾಪ್‌ನ ಅಭ್ಯಾಸ. ಕಚೇರಿಯಲ್ಲಿ ಅದನ್ನು ತೆರೆಯುವವರಿಗೆ ಇದು ಯಾರು, ಎಂತಕ್ಕೆ ಎಂದು ಹೇಗೆ ಗೊತ್ತಾಗಬೇಕು?

ಲಗತ್ತಿಸುವುದು ಅಂದಾಗ ಅಪ್‌ಲೋಡ್, ಡೌನ್‌ಲೋಡ್ ಬಂತು. ನಮ್ಮ ಫೋನಿನಿಂದ ಆಚೆಗೆ ಹೋದರೆ ಅಪ್, ಆಚೆಯಿಂದ ನಮ್ಮ ಫೋನಿಗೆ ಬಂದರೆ ಡೌನ್. ಗಡಿನಾಡಿನವರು ಇದನ್ನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಕರ್ನಾಟಕದ ಕಡೆಯವರು ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದರು. ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್ ಕೂಡ ನಿಂತಿತು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮಗೆ ಅದೇನು ಎಂದು ಬೇರೆಯವರಿಗೆ ಹೇಳಿ ತಿಳಿಸಲಾಗದು. ಆಮೇಲೆ ಪಾಸ್ ಶುರುವಾಯಿತು. ಕರ್ನಾಟಕಕ್ಕೆ ಹೋಗಲು ಸೇವಾ ಸಿಂಧು, ವಾಪಸ್ ಕೇರಳಕ್ಕೆ ಬರಲು ಕೋವಿಡ್ ಜಾಗ್ರತಾ. ಎರಡು ರಾಜ್ಯ, ಎರಡು ವೆಬ್‌ಸೈಟ್, ಎರಡು ಲಾಗಿನ್. ಆಚೆ ಅಡ್ಯನಡ್ಕದಲ್ಲಿ ತೋಟ, ಈಚೆ ಪೆರ್ಲದಲ್ಲಿ ಮನೆ ಇದ್ದವರು ತಮ್ಮದೇ ತೋಟಕ್ಕೆ ಹೋಗಲು ಆಧಾರ್ ಕಾರ್ಡಿನ ಫೋಟೋ ಅಪ್‌ಲೋಡ್ ಮಾಡಿದರು, ಪಾಸ್ ಡೌನ್‌ಲೋಡ್ ಮಾಡಿದರು, ಸಾರಡ್ಕದ ಗೇಟಿನಲ್ಲಿ ಪಿಡಿಎಫ್ ತೋರಿಸಿದರು. ಅದೇ ಜೂನ್ 1ಕ್ಕೆ ಮಕ್ಕಳ 'ಫಸ್ಟ್ ಬೆಲ್' ಆನ್‌ಲೈನ್ ಪಾಠಗಳೂ ಶುರುವಾದವು. ಅಜ್ಜನೂ ಮೊಮ್ಮಗನೂ ಒಂದೇ ಫೋನಿಗೆ ಜಗಳಾಡಿದ ಕಾಲ ಅದು.

ಆಗ ಎಲ್ಲರಿಗೂ ಕೈಕೊಟ್ಟದ್ದು ಫೈಲಿನ ಗಾತ್ರ. ಈಗಲೂ ಕೈಕೊಡುತ್ತದೆ. ಫೋಟೋ 30 ಕೆಬಿ ಒಳಗಿರಬೇಕು ಎಂದು ಅರ್ಜಿ ಕೇಳುತ್ತದೆ. ಫೋನಿನಲ್ಲಿ ತೆಗೆದ ಫೋಟೋ 4 ಎಂಬಿ ಇರುತ್ತದೆ. 1 ಎಂಬಿ ಅಂದರೆ ಸುಮಾರು 1000 ಕೆಬಿ. ಹಾಗಾದರೆ ನಿಮ್ಮ ಫೋಟೋ ಅವರು ಕೇಳಿದ್ದಕ್ಕಿಂತ ನೂರು ಪಟ್ಟಿಗೂ ಜಾಸ್ತಿ ದೊಡ್ಡದು. ತಪ್ಪು ಫೋಟೋದ್ದಲ್ಲ, ಅದನ್ನು ಕುಗ್ಗಿಸಬೇಕು, ಅಷ್ಟೇ. ಜಿಮೇಲ್‌ನಲ್ಲಿ ಒಂದು ಪತ್ರದ ಜೊತೆ ಒಟ್ಟು 25 ಎಂಬಿ ತನಕ ಲಗತ್ತಿಸಬಹುದು. ಅದಕ್ಕಿಂತ ದೊಡ್ಡದಾದರೆ ಫೈಲನ್ನು ಡ್ರೈವ್‌ನಲ್ಲಿಟ್ಟು ಅದರ ಲಿಂಕ್ ಮಾತ್ರ ಕಳಿಸುತ್ತದೆ.

ಲಿಂಕ್ ಅಂದರೆ ಒತ್ತಿದರೆ ಇನ್ನೊಂದು ಕಡೆಗೆ ಕರೆದೊಯ್ಯುವ ಸಾಲು. ಎಲ್ಲಿಗೆ ಕರೆದೊಯ್ಯುತ್ತದೆ ಎಂದು ಒತ್ತುವ ಮೊದಲೇ ತಿಳಿಯಲು ವೆಬ್ ವಿಳಾಸ ಓದಲು ಬರಬೇಕು. ಇದು ಇಡೀ ಪಾಠದಲ್ಲಿ ನನಗೆ ಅತಿ ಇಷ್ಟದ ಭಾಗ, ಅತಿ ಕಡಿಮೆ ಜನ ಹೇಳಿಕೊಡುವ ಭಾಗವೂ ಇದೇ. ವಿಳಾಸದಲ್ಲಿ ಮೊದಲ ಓರೆ ಗೆರೆ (/) ಎಲ್ಲಿದೆ ನೋಡಿ. ಆರಂಭದ ಎಚ್‌ಟಿಟಿಪಿಎಸ್ ಪಕ್ಕದ ಜೋಡಿ ಗೆರೆ ಲೆಕ್ಕಕ್ಕಿಲ್ಲ, ಅದರ ನಂತರದ್ದು. ಅಲ್ಲಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಓದಬೇಕು. ಕೇರಳದ ಇ-ಡಿಸ್ಟ್ರಿಕ್ಟ್ ವಿಳಾಸ ತೆಗೆದುಕೊಳ್ಳಿ. ಇಡಿಸ್ಟ್ರಿಕ್ಟ್ ಡಾಟ್ ಕೇರಳ ಡಾಟ್ ಗವ್ ಡಾಟ್ ಇನ್. ಕೊನೆಯ 'ಇನ್' ಭಾರತದ್ದು. ಅದರ ಹಿಂದಿನ 'ಗವ್' ಸರ್ಕಾರದ್ದು, ಖಾಸಗಿಯವರಿಗೆ ಅದು ಸಿಗುವುದಿಲ್ಲ. ಅದರ ಹಿಂದೆ ಕೇರಳ, ಅದರ ಹಿಂದೆ ಇ-ಡಿಸ್ಟ್ರಿಕ್ಟ್. ಮೋಸಗಾರರು ಏನು ಮಾಡುತ್ತಾರೆ? ಕೇರಳ, ಗವ್, ಇನ್ ಎಲ್ಲವನ್ನೂ ಎಡಗಡೆ ತುಂಬಿಸಿ, ಬಲತುದಿಯಲ್ಲಿ ಬೇರೇನೋ ಡಾಟ್ ಕಾಮ್ ಇಡುತ್ತಾರೆ. ಎಡದಿಂದ ಓದುವವರಿಗೆ ಸರ್ಕಾರ ಕಾಣುತ್ತದೆ. ಬಲದಿಂದ ಓದಿದರೆ ಕಳ್ಳ ಕಾಣುತ್ತಾನೆ.

ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರ ಇದ್ದರೆ ನಂಬಬಹುದು ಎಂದು ಹಿಂದೆ ಹೇಳುತ್ತಿದ್ದರು. ಬೀಗ ಹೇಳುವುದು ಇಷ್ಟೇ. ನಿಮ್ಮ ಫೋನಿನಿಂದ ಆ ಸೈಟಿನ ತನಕ ಹೋಗುವ ಮಾಹಿತಿಯನ್ನು ನಡುವೆ ಯಾರೂ ಓದಲಾಗದು. ಆ ಸೈಟೇ ಕಳ್ಳನದ್ದಾಗಿದ್ದರೆ ಬೀಗ ಏನು ಮಾಡೀತು? ಜನ ತಪ್ಪು ತಿಳಿಯುತ್ತಾರೆಂದೇ 2023ರಲ್ಲಿ ಕ್ರೋಮ್ ಆ ಬೀಗದ ಚಿತ್ರವನ್ನು ತೆಗೆದುಹಾಕಿತು.

ಕ್ರೋಮ್ ಅಂದೆ. ಕ್ರೋಮ್ ಬೇರೆ, ಗೂಗಲ್ ಹುಡುಕಾಟ ಬೇರೆ. ಕ್ರೋಮ್ ಬ್ರೌಸರ್, ಅಂದರೆ ವೆಬ್‌ಸೈಟುಗಳನ್ನು ತೆರೆದು ತೋರಿಸುವ ಆ್ಯಪ್. ಹುಡುಕಾಟ ಅನ್ನುವುದು ಅದರೊಳಗೆ ತೆರೆಯುವ ಒಂದು ವೆಬ್‌ಸೈಟ್. ಎರಡೂ ಒಂದೇ ಕಂಪನಿಯವಾದ್ದರಿಂದ ಜನರಿಗೆ ಗೊಂದಲ. ಹುಡುಕಿದಾಗ ಮೊದಲು ಬರುವುದು ಸರಿಯಾದದ್ದು ಎಂದೇನೂ ಇಲ್ಲ. 'ಪ್ರಾಯೋಜಿತ' ಎಂದಿದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಗ್ಯಾಸ್ ಏಜೆನ್ಸಿಯದ್ದೋ ಬ್ಯಾಂಕಿನದ್ದೋ ಕಸ್ಟಮರ್ ಕೇರ್ ನಂಬರನ್ನು ಹುಡುಕಾಟದಿಂದ ತೆಗೆಯಬೇಡಿ. ಪಾಸ್‌ಬುಕ್ಕಿನಲ್ಲಿ, ಕಾರ್ಡಿನ ಹಿಂದೆ, ಬಿಲ್ಲಿನಲ್ಲಿ ಅದು ಇರುತ್ತದೆ. ಮದುವೆಯ ಕಾಗದ, ಗಾಡಿಯ ದಂಡದ ಚಲನ್ ಎಂದು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲನ್ನು ಒತ್ತಲೇಬೇಡಿ. ಎಪಿಕೆ ಅಂದರೆ ಆ್ಯಪನ್ನು ಫೋನಿಗೆ ಇಳಿಸುವ ಫೈಲ್. ಮದುವೆಗೆ ಕರೆಯಲು ಯಾರಿಗೂ ಆ್ಯಪ್ ಬೇಕಾಗಿಲ್ಲ. ಹಣ ಹೋಗಿಯೇಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ನೆಂಟರಿಗೆ ಹೇಳಿ ಅಳುವುದು ಆಮೇಲೆ.

ಇನ್ನು ವೈಫೈ ಮತ್ತು ಇಂಟರ್ನೆಟ್. ಜೂನ್ ಬಂದರೆ ಸಾಕು, "ಮಾಷ್ಟ್ರೇ, ವೈಫೈ ಫುಲ್ ಉಂಟು, ನೆಟ್ ಇಲ್ಲ" ಎಂಬ ಫೋನು. ವೈಫೈ ಅನ್ನುವುದು ಗೋಡೆಯ ಮೇಲಿನ ಪೆಟ್ಟಿಗೆಯಿಂದ ನಿಮ್ಮ ಫೋನಿನ ತನಕ ಮಾತ್ರ. ಅಲ್ಲಿಂದಾಚೆ ಕೇಬಲ್. ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕೇಬಲ್ ತುಂಡಾಗಿದ್ದರೆ ಪೆಟ್ಟಿಗೆಯ ಸಿಗ್ನಲ್ ಎಷ್ಟು ಗಟ್ಟಿ ಇದ್ದರೂ ಉಪಯೋಗ ಇಲ್ಲ. ಆ ಕೇಬಲ್ ಹೋಗಿ ಹೋಗಿ ಸೇರುವುದು ಸಮುದ್ರಕ್ಕೆ. ಕೊಚ್ಚಿ, ಮುಂಬೈ, ಚೆನ್ನೈಗಳಲ್ಲಿ ಸಮುದ್ರದ ತಳದ ಕೇಬಲುಗಳು ದಡ ಹತ್ತುತ್ತವೆ. ಉಪಗ್ರಹದಿಂದ ಬರುವುದಲ್ಲವಾ ಎಂದು ಕೇಳುವವರೇ ಹೆಚ್ಚು. ಅದು ತೀರಾ ಕಡಿಮೆ. ಬಹುಪಾಲು ಬರುವುದು ತಂತಿಯಲ್ಲೇ, ಕೂದಲೆಳೆಯಷ್ಟು ಸಪೂರದ ಗಾಜಿನ ನಾರಿನಲ್ಲಿ. ಮೊಬೈಲ್ ಡೇಟಾ ಆದರೆ ಟವರಿನ ತನಕ ಗಾಳಿಯಲ್ಲಿ, ಆಮೇಲೆ ಅದೇ ತಂತಿ. ಗಡಿಯ ಹಳ್ಳಿಗಳಲ್ಲಿ ಈ ಟವರಿನದ್ದೇ ಒಂದು ಕತೆ. ಹಿಂದೆ ಮನೆಯ ಜಗಲಿಯಲ್ಲಿ ಕೂತರೆ ಕೇರಳದ ಟವರು, ಹಟ್ಟಿಗೆ ಹೋದರೆ ಕರ್ನಾಟಕದ್ದು. ದನ ಕರೆಯುತ್ತಾ ಮಾತಾಡಿದರೆ ರೋಮಿಂಗ್ ದುಡ್ಡು. ಈಗ ದೇಶದೊಳಗೆ ರೋಮಿಂಗ್ ಖರ್ಚಿಲ್ಲ, ಪುಣ್ಯ.

ಕೊನೆಯದಾಗಿ ಕನ್ನಡದಲ್ಲಿ ಇಮೇಲ್. ಹಿಂದೆ ನಾವು ಒಂದು ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದರೆ ಆಚೆಯವರಲ್ಲಿ ಆ ಫಾಂಟ್ ಇಲ್ಲದೆ ಬರೀ ಚಿತ್ರವಿಚಿತ್ರ ಗುರುತುಗಳು ಕಾಣುತ್ತಿದ್ದವು. ಯೂನಿಕೋಡ್ ಆ ಕಷ್ಟ ತಪ್ಪಿಸಿತು. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರಲ್ಲಿ ಒಂದೊಂದು ಸಂಖ್ಯೆ. ಕನ್ನಡಕ್ಕೆ 128 ಜಾಗ ಕಾದಿರಿಸಿದ್ದಾರೆ. 'ಕ' ಅಕ್ಷರದ ಸಂಖ್ಯೆ 3221. ಬದಿಯಡ್ಕದಲ್ಲೂ ಬೋಸ್ಟನ್‌ನಲ್ಲೂ 3221 ಅಂದರೆ 'ಕ' ಮಾತ್ರ. ಟೈಪಿಂಗ್ ಬಾರದವರು ಮೈಕ್ ಒತ್ತಿ ಮಾತಾಡಿದರೂ ಸಾಕು, ಅಕ್ಷರ ಮೂಡುತ್ತದೆ. ಮನೆ ಹೆಸರುಗಳನ್ನು ಮಾತ್ರ ಅದು ತನಗೆ ಬೇಕಾದಂತೆ ಬರೆಯುತ್ತದೆ. ತಿದ್ದಿಕೊಳ್ಳಬೇಕು.

ನಮ್ಮ ಕ್ಲಾಸಿನ ಒಬ್ಬರು ಅಕ್ಕ ಹಾಗೆಯೇ ಮಾತಾಡಿ ಒಂದು ಕಚೇರಿಗೆ ದಾರಿದೀಪದ ಬಗ್ಗೆ ಬರೆದರು. ಅವರದೇ ಐಡಿ, ಅವರದೇ ನಂಬರ್, ಸಬ್ಜೆಕ್ಟ್ ಸಾಲು ಸಮೇತ, ಕಂಬದ ಫೋಟೋ ಲಗತ್ತಿಸಿ. ಇಮೇಲಿನಲ್ಲಿ ಬರೆದದ್ದರ ದೊಡ್ಡ ಲಾಭ ಎಂದರೆ ತಾರೀಕು, ಗಂಟೆ ಸಮೇತ ದಾಖಲೆ ಉಳಿಯುತ್ತದೆ. ಅರ್ಜಿ ಸಿಕ್ಕಿಲ್ಲ ಎಂದು ಹೇಳುವುದು ಅಷ್ಟು ಸುಲಭ ಅಲ್ಲ. ಉತ್ತರ ಬಂತು. ಪೂರ್ತಿ ಮಲಯಾಳದಲ್ಲಿ, ಪಿಡಿಎಫ್. ಅಕ್ಕನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿ ವಿಷಯ ತಿಳಿದುಕೊಂಡೆವು. ಆದರೆ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದಕ್ಕೆ ದಾರಿ ಇದೆ. ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು. ಅಕ್ಕ ಹೊಸ ಪತ್ರ ಬರೆಯಲಿಲ್ಲ. ರಿಪ್ಲೈ ಒತ್ತಿದರು. ಹಾಗೆ ಮಾಡಿದರೆ ಹಳೆಯ ಪತ್ರ ಕೆಳಗೆ ಹಾಗೇ ಇರುತ್ತದೆ, ಓದುವವರಿಗೆ ಹಿಂದಿನದ್ದೆಲ್ಲ ಸಿಗುತ್ತದೆ. 'ದಯವಿಟ್ಟು ಈ ಉತ್ತರವನ್ನು ಕನ್ನಡದಲ್ಲಿ ಕಳಿಸಿಕೊಡಿ' ಎಂದು ಬರೆದರು. ಸಿಸಿಯಲ್ಲಿ ಮೇಲಿನ ಕಚೇರಿಯ ವಿಳಾಸವನ್ನೂ ಹಾಕಿದರು. ಅದು ನಾನು ಹೇಳಿಕೊಟ್ಟದ್ದಲ್ಲ, ಅವರದೇ ತಲೆ.

ಕನ್ನಡದ ಪ್ರತಿ ಇನ್ನೂ ಬಂದಿಲ್ಲ. ಅಕ್ಕ ಸ್ಪಾಮ್ ಫೋಲ್ಡರನ್ನೂ ನೋಡಿ ಆಯಿತು.